ಕೆಂಪು ಪುಸ್ತಕದ ಮೊದಲ ಪುಟ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕಿಯವರೇ, ಇಷ್ಟು ಹೊತ್ತು ನನ್ನ ಬಗ್ಗೆ ಒಳ್ಳೆಯ ಮಾತನ್ನೇ ಆಡಿ ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದಂತೆ ಮಾಡಿದ ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ಪ್ರಯೋಗಾಲಯದ ನನ್ನ ಒಡನಾಡಿಗಳೇ, ಡ್ಯೂಟಿ ಮುಗಿಸಿ ಬಂದಿರುವ ದಾದಿಯರೇ, ಡ್ಯೂಟಿ ಇದ್ದೂ ಇಲ್ಲೇ ಕೂತಿರುವ ಇನ್ನು ಕೆಲವರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತಾರು ವರ್ಷದ ನೌಕರಿಗೆ ಐದು ನಿಮಿಷ ಎಂದರೆ ಲೆಕ್ಕ ಸರಿಯಾಗಿಯೇ ಇದೆ; ನಾನು ಮಾಡಿದ್ದು ಒಂದೇ ಕೆಲಸ ತಾನೆ. ಬೆಳಿಗ್ಗೆ ಬರುವುದು, ರಕ್ತ ತೆಗೆದುಕೊಳ್ಳುವುದು, ಅದರಲ್ಲಿ ಸಕ್ಕರೆ ಎಷ್ಟು, ಉಪ್ಪು ಎಷ್ಟು, ಸುಣ್ಣದ ಅಂಶ ಎಷ್ಟು ಎಂದು ನೋಡುವುದು, ಚೀಟಿಯಲ್ಲಿ ಬರೆಯುವುದು, ಸಂಜೆ ಮನೆಗೆ ಹೋಗುವುದು. ಆದರೂ ಅಧ್ಯಕ್ಷರ ಅಪ್ಪಣೆ ಇದ್ದರೆ ಇವತ್ತು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಅಪ್ಪಣೆ ಇಲ್ಲದಿದ್ದರೂ ತೆಗೆದುಕೊಳ್ಳುತ್ತೇನೆ, ನಾಳೆಯಿಂದ ನೀವು ನನಗೆ ಮೆಮೋ ಕೊಡಲು ಬರುವುದಿಲ್ಲ.

ನನ್ನ ಬೆನ್ನ ಹಿಂದೆ ನೀವು ನನ್ನನ್ನು ಏನೆಂದು ಕರೆಯುತ್ತೀರಿ ಎನ್ನುವುದು ನನಗೆ ಗೊತ್ತಿಲ್ಲವೆಂದುಕೊಂಡಿದ್ದೀರಾ? 'ಇನ್ನೊಂದ್ಸಲ.' ಯಾವ ರಿಪೋರ್ಟು ತಂದರೂ 'ಇನ್ನೊಂದ್ಸಲ ಮಾಡಿ' ಎನ್ನುವವನು. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾಳೆ. ಮದುವೆಯಾಗುತ್ತೀಯಾ ಎಂದು ಕೇಳಿದಾಗ ಅವಳು ಹೂಂ ಎಂದಮೇಲೂ ನಾನು 'ಇನ್ನೊಂದ್ಸಲ ಹೇಳು' ಎಂದೆನಂತೆ. ಅವಳು ಹೇಳಿದಳು. ಪಾಪ, ಅಲ್ಲೇ ತಪ್ಪು ಮಾಡಿದಳು.

ಈಗ ಓದಿದ ಅಭಿನಂದನಾ ಪತ್ರದಲ್ಲಿ ಎರಡು ಮಾತುಗಳಿವೆ. ಒಂದು, 'ತಮ್ಮ ಸುದೀರ್ಘ ಸೇವೆಯಲ್ಲಿ ಒಂದೇ ಒಂದು ತಪ್ಪು ವರದಿಯನ್ನೂ ಹೊರಗೆ ಬಿಡದವರು.' ಎರಡು, 'ಎಷ್ಟೋ ಜೀವ ಉಳಿಸಿದ ಕೆಂಪು ಪುಸ್ತಕದ ಪದ್ಧತಿಯನ್ನು ತಂದವರು.' ಬಹಳ ಚೆನ್ನಾಗಿ ಬರೆದಿದ್ದಾರೆ, ಅಕ್ಷರವೂ ಮುತ್ತಿನಂತಿದೆ. ಆದರೆ ನಮ್ಮ ಕಸುಬಿನಲ್ಲಿ ಚೀಟಿಯ ಮೇಲೆ ತಪ್ಪಿದ್ದರೆ ಹಾಗೇ ಬಿಡುವಂತಿಲ್ಲ. ಒಂದು ತಿದ್ದುಪಡಿ ಮಾಡಿಯೇ ನಾನು ಮನೆಗೆ ಹೋಗಬೇಕು. ಮೂರನೇ ಸಾಲಿನ ಕೊನೆಯಲ್ಲಿ ಕೂತಿರುವ ಒಬ್ಬರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ.

ಅವರನ್ನು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹಳಬರು ಅವರನ್ನು ಗಾಜಿನಕ್ಕ ಎನ್ನುತ್ತಿದ್ದರು. ಈಗ ಎಲ್ಲವೂ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಟ್ಯೂಬುಗಳು. ಆಗ ಗಾಜಿನವು. ನಾವು ದಿನವಿಡೀ ಬಳಸಿ ಬಿಸಾಡಿದ ಇನ್ನೂರು ಮುನ್ನೂರು ಟ್ಯೂಬುಗಳನ್ನು ಗಾಜಿನಕ್ಕ ಒಬ್ಬರೇ ತೊಳೆಯಬೇಕು. ಮೊದಲು ಸೋಪು, ಆಮೇಲೆ ನಲ್ಲಿ ನೀರು, ಆಮೇಲೆ ಆಸಿಡ್ಡಿನಲ್ಲಿ ನೆನೆಹಾಕುವುದು, ಮತ್ತೆ ನಲ್ಲಿ ನೀರು, ಕೊನೆಗೆ ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಮೂರು ಸಲ. ಆ ಮೂರು ಸಲ ಏಕೆ? ನಮ್ಮ ನಲ್ಲಿಯ ನೀರು ಗಡಸು. ಚಹಾ ಕಾಯಿಸುವ ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅದೇ ಸುಣ್ಣ, ಅದೇ ಕ್ಯಾಲ್ಸಿಯಂ. ನಲ್ಲಿ ನೀರು ಟ್ಯೂಬಿನಲ್ಲಿ ಒಣಗಿದರೆ ರೋಗಿಯ ರಕ್ತದಲ್ಲಿ ಇಲ್ಲದ ಕ್ಯಾಲ್ಸಿಯಂ ನಮ್ಮ ಲೆಕ್ಕಕ್ಕೆ ಸಿಗುತ್ತದೆ. ಗಾಜಿನಕ್ಕನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಗಟ್ಟಿಯಾಗಿ ಎಣಿಸುತ್ತಾ ತೊಳೆಯುತ್ತಿದ್ದರು. ಒಂದು, ಎರಡು, ಮೂರು. ಒಂದು, ಎರಡು, ಮೂರು. ಪಕ್ಕದ ಕೋಣೆಯಲ್ಲಿ ಕೂತ ನಮಗೆ ಅದು ಗಡಿಯಾರದ ಸದ್ದಿನಂತೆ ರೂಢಿಯಾಗಿ ಹೋಗಿತ್ತು.

ಇಲ್ಲಿ ನನ್ನ ಸಂಶಯದ ಕಥೆಯನ್ನೂ ಸ್ವಲ್ಪ ಹೇಳಬೇಕು. ನಾನು ಹುಟ್ಟಿನಿಂದ ಸಂಶಯಗಾರನಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಗಾಜಿನಕ್ಕ ಬರುವುದಕ್ಕೂ ಮುಂಚೆ, ಒಬ್ಬ ಹಿರಿಯರಿಗೆ ಕ್ಯಾಲ್ಸಿಯಂ ವಿಪರೀತ ಹೆಚ್ಚಿದೆ ಎಂದು ರಿಪೋರ್ಟು ಕೊಟ್ಟೆ. ಅವರಿಗೆ ಏನೂ ಇರಲಿಲ್ಲ, ಟ್ಯೂಬು ಕೊಳಕಾಗಿತ್ತು. ಅವತ್ತು ನಮ್ಮ ಮುಖ್ಯಸ್ಥರು ಎಲ್ಲರ ಮುಂದೆ ಆ ಚೀಟಿಯನ್ನು ನನ್ನ ಮೂಗಿಗೆ ಹಿಡಿದು, 'ಏನಯ್ಯಾ ಇದು? ಮನುಷ್ಯನ ರಕ್ತವೋ, ಗೋಡೆಗೆ ಬಳಿಯೋ ಸುಣ್ಣವೋ?' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಊಟ ಬಿಟ್ಟೆ. ಅಲ್ಲಿಂದಾಚೆ ನನಗೆ ಹೆಚ್ಚಿನ ಸಂಖ್ಯೆ ಕಂಡರೆ ರೋಗಿ ಕಾಣುತ್ತಿರಲಿಲ್ಲ, ಆ ನಗು ಕಾಣುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಒಂದು ಶುಕ್ರವಾರ ಮಧ್ಯಾಹ್ನ ಮಕ್ಕಳ ವಿಭಾಗದಿಂದ ಒಬ್ಬಳು ಹುಡುಗಿಯನ್ನು ರಕ್ತ ಪರೀಕ್ಷೆಗೆ ಕಳಿಸಿದರು. ಚೀಟಿಯಲ್ಲಿ ವಯಸ್ಸು ಹದಿಮೂರು. ಜೊತೆಯಲ್ಲಿ ತಾಯಿ. ಆಕೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವರು, ಬೆರಳ ತುದಿಯಲ್ಲಿ ಶಾಯಿ ಇತ್ತು. ಕೇಳದಿದ್ದರೂ ಹೇಳಿದರು: 'ಒಂದು ತಿಂಗಳಿಂದ ಹೊಟ್ಟೆನೋವು ಅಂತಾಳೆ ಸಾರ್, ಕಾಲುನೋವು ಅಂತಾಳೆ, ತಿಂದಿದ್ದು ವಾಂತಿ ಮಾಡ್ತಾಳೆ. ಪರೀಕ್ಷೆ ಹತ್ರ ಬಂತಲ್ಲ, ಶಾಲೆ ತಪ್ಪಿಸೋ ನಾಟಕ ಅಂದ್ಕೊಂಡಿದ್ದೆ.' ಹುಡುಗಿ, 'ನಾಟಕ ಆಗಿದ್ರೆ ಇದಕ್ಕಿಂತ ಚೆನ್ನಾಗಿ ಮಾಡ್ತಿದ್ದೆ' ಎಂದಳು. ನನಗೆ ಅವಳು ಅಲ್ಲೇ ಇಷ್ಟವಾಗಿಬಿಟ್ಟಳು.

ರಕ್ತ ಕೊಟ್ಟಾದ ಮೇಲೆ ನೀರು ಕೇಳಿದಳು. ಮೇಜಿನ ಮೇಲೆ ನಮ್ಮ ಕುಡಿಯುವ ನೀರಿನ ಜಗ್ಗಿತ್ತು. ಒಂದು ಲೋಟ ಕೊಟ್ಟೆ, ಗಟಗಟನೆ ಕುಡಿದಳು. ಇನ್ನೊಂದು ಕೇಳಿದಳು, ಕುಡಿದಳು. ಮತ್ತೊಂದು. ನಾನು, 'ಏನಮ್ಮಾ, ಹಿಂದಿನ ಜನ್ಮದಲ್ಲಿ ಒಂಟೆ ಆಗಿದ್ಯಾ?' ಎಂದೆ. ಅವಳು ನಕ್ಕಳು, ತಾಯಿ ನಕ್ಕರು, ನಾನೂ ನಕ್ಕೆ. ನೀವೂ ಈಗ ನಕ್ಕಿರಿ. ಒಳ್ಳೆಯ ಜೋಕು. ಇದನ್ನು ಆಮೇಲೆ ಯಾರ ಹತ್ತಿರವೂ ಹೇಳಿಲ್ಲ.

ನಿಮ್ಮಲ್ಲಿ ವೈದ್ಯರಿಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಉಳಿದವರಿಗೆ ಹೇಳುತ್ತೇನೆ. ಕ್ಯಾನ್ಸರ್ ಇದ್ದ ಕೆಲವರಲ್ಲಿ ಮೂಳೆ ಕರಗಿ ಅದರ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಹಾಗಾದಾಗ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಂತಿ, ಮಂಕು. ಮೀರಿದರೆ ಮೂತ್ರಪಿಂಡ ಕೆಡುತ್ತದೆ, ಹೃದಯವೂ ತಪ್ಪು ಹೆಜ್ಜೆ ಇಡುತ್ತದೆ. ವಯಸ್ಸಾದವರಲ್ಲಿ ನಾನು ಇದನ್ನು ತಿಂಗಳಿಗೊಮ್ಮೆ ನೋಡುತ್ತಿದ್ದೆ. ಮಕ್ಕಳಲ್ಲಿ? ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಒಬ್ಬರಿಗೆ ಆದರೆ ಹೆಚ್ಚು. ನನ್ನ ಹನ್ನೊಂದು ವರ್ಷದ ಅನುಭವದಲ್ಲಿ ಒಬ್ಬರಿಗೂ ಆಗಿರಲಿಲ್ಲ. ಆ ಹುಡುಗಿಯ ರಕ್ತಕಣಗಳ ಎಣಿಕೆಯೂ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕ್ಯಾನ್ಸರ್ ಎಂದು ಯೋಚಿಸುವ ಕಾರಣವೇ ಯಾರಿಗೂ ಇರಲಿಲ್ಲ.

ಕ್ಯಾಲ್ಸಿಯಂ ಹತ್ತೂವರೆಯೊಳಗೆ ಇರಬೇಕು. ನನಗೆ ಬಂದ ಸಂಖ್ಯೆ ಅದಕ್ಕಿಂತ ಎಷ್ಟೋ ಮೇಲಿತ್ತು. ಎಷ್ಟು ಎನ್ನುವುದನ್ನು ಕೊನೆಗೆ ಹೇಳುತ್ತೇನೆ, ಅದಕ್ಕೊಂದು ಕಾರಣವಿದೆ. ಸಂಖ್ಯೆ ನೋಡಿದೆ, ಚೀಟಿಯಲ್ಲಿ ವಯಸ್ಸು ನೋಡಿದೆ. ಯಂತ್ರಕ್ಕೆ ವಯಸ್ಸು ಗೊತ್ತಿಲ್ಲ, ನನಗೆ ಗೊತ್ತಿತ್ತು, ಅದೇ ತೊಂದರೆಯಾಯಿತು. ಹದಿಮೂರು ವರ್ಷದ ಹುಡುಗಿಗೆ ಇಷ್ಟು ಬರಲು ಹೇಗೆ ಸಾಧ್ಯ? ಟ್ಯೂಬೇ ಕೊಳಕು. ನನಗೆ ಆ ಹಳೆಯ ನಗು ಕೇಳಿಸಿತು. ನೇರವಾಗಿ ತೊಳೆಯುವ ಕೋಣೆಗೆ ಹೋದೆ. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು.

'ಮೂರು ಸಲ ತೊಳೆದಿದ್ದೀರಾ?' ಎಂದೆ.

'ತೊಳ್ದಿದ್ದೀನಿ ಸಾರ್. ದಿನಾ ತೊಳಿತೀನಲ್ಲ.'

'ಹಾಗಾದ್ರೆ ಈ ಕ್ಯಾಲ್ಸಿಯಂ ಆಕಾಶದಿಂದ ಉದುರಿತಾ?'

'ಅದು ನಂಗೇನು ಗೊತ್ತು ಸಾರ್. ರಕ್ತದಲ್ಲೇ ಇರಬಹುದು.'

ಟ್ಯೂಬು ತೊಳೆಯುವವರು ನನಗೆ ಪಾಠ ಹೇಳುವುದೇ ಎಂದು ಸಿಟ್ಟು ನೆತ್ತಿಗೇರಿತು. ಅವರ ಮೇಲೆ ಒಂದು ದೂರು ಬರೆದೆ. ಹುಡುಗಿಯ ಚೀಟಿಯ ಮೇಲೆ 'ಮಾದರಿ ಯೋಗ್ಯವಲ್ಲ, ಮತ್ತೆ ಕಳಿಸಿ' ಎಂದು ಬರೆದೆ. ಆ ಅಕ್ಷರವೂ ಮುತ್ತಿನಂತೆಯೇ ಇತ್ತು.

ಇಷ್ಟೇ ಆಗಿದ್ದರೆ ಇದನ್ನು ಅಜಾಗ್ರತೆ ಎನ್ನಬಹುದಿತ್ತು. ಮನೆಯಲ್ಲಿ ಬರೆದುಕೊಂಡು ಬಂದ ಭಾಷಣದಲ್ಲಿ ಇಷ್ಟೇ ಇದೆ. ಆದರೆ ಗಾಜಿನಕ್ಕನ ಮುಖ ಇಲ್ಲಿಂದ ಕಾಣಿಸುತ್ತಿದೆ, ಆದ್ದರಿಂದ ಕಾಗದ ಮಡಿಸಿ ಜೇಬಿಗಿಡುತ್ತಿದ್ದೇನೆ. ದೂರು ಬರೆಯುವ ಮೊದಲು ನಾನು ಆ ರಕ್ತವನ್ನು ಇನ್ನೊಂದು ಟ್ಯೂಬಿನಲ್ಲಿ ಇನ್ನೊಂದ್ಸಲ ಮಾಡಿದ್ದೆ. ನಾನಲ್ಲವೇ? ಮಾಡದೇ ಇರುತ್ತೇನೆಯೇ? ಅದೇ ಸಂಖ್ಯೆ ಬಂತು. ಎರಡೂ ಟ್ಯೂಬು ಒಂದೇ ದಿನ ತೊಳೆದವು, ಎರಡೂ ಕೊಳಕಿರಬೇಕು ಎಂದುಕೊಂಡೆ. ಆಗ ಮಾಡಬೇಕಾದದ್ದು ಏನೆಂದು ಇಲ್ಲಿ ಕೂತಿರುವ ಮೊದಲ ವರ್ಷದ ತರಬೇತಿ ವಿದ್ಯಾರ್ಥಿಗೂ ಗೊತ್ತು. ಅದೇ ರಾಶಿಯ ಖಾಲಿ ಟ್ಯೂಬಿಗೆ ಬರೀ ಶುದ್ಧ ನೀರು ಹಾಕಿ ಪರೀಕ್ಷಿಸುವುದು. ನೀರಿನಲ್ಲಿ ಕ್ಯಾಲ್ಸಿಯಂ ಬಂದರೆ ಟ್ಯೂಬಿನ ತಪ್ಪು, ಬಾರದಿದ್ದರೆ ರಕ್ತದ ಸತ್ಯ. ಇಪ್ಪತ್ತು ನಿಮಿಷದ ಕೆಲಸ.

ಇಪ್ಪತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲ. ನನ್ನ ಮಗಳ ಈಜಿನ ಸ್ಪರ್ಧೆ ಇತ್ತು. ನಾಲ್ಕೂವರೆಗೆ ಹೊರಡಬೇಕಿತ್ತು. ಅವಳು ಇಲ್ಲೇ ಕೂತಿದ್ದಾಳೆ, ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ನನ್ನ ಒಂದು ಸ್ಪರ್ಧೆಯನ್ನೂ ತಪ್ಪಿಸಿಕೊಂಡಿಲ್ಲ ಎಂದು ಆಗಲೇ ಇಲ್ಲಿ ನಿಂತು ಹೆಮ್ಮೆಯಿಂದ ಹೇಳಿದಳು. ನಿಜ ಮಗಳೇ, ತಪ್ಪಿಸಿಕೊಂಡಿಲ್ಲ. ಅವತ್ತು ನೀನು ನಾಲ್ಕನೆಯವಳಾಗಿ ಬಂದೆ. ನಾನು ನೀರಿನ ಅಂಚಿನಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಇದರಲ್ಲಿ ನಿನ್ನದು ಏನೂ ತಪ್ಪಿಲ್ಲ, ತಲೆ ಮೇಲೆತ್ತು.

ನಾಲ್ಕೂಕಾಲಿಗೆ ಫೋನು ಬಂತು. ಆ ಹುಡುಗಿಯನ್ನು ನೋಡಿದ್ದ ಕಿರಿಯ ವೈದ್ಯೆ. ಚೀಟಿಯಲ್ಲಿ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಬರೆಯಬೇಕು ಎಂದು ಹೊಳೆದದ್ದು ಆಕೆಗೊಬ್ಬರಿಗೇ. 'ಕ್ಯಾಲ್ಸಿಯಂ ಬಂತಾ?' ಎಂದರು.

'ಸ್ಯಾಂಪಲ್ ಸರಿ ಇಲ್ಲ ಡಾಕ್ಟ್ರೇ, ಸೋಮವಾರ ಹೊಸದು ಕಳಿಸಿ.'

'ಎಷ್ಟು ತೋರಿಸ್ತು?'

'ಏನೋ ತೋರಿಸ್ತು. ನಂಬೋ ಹಾಗಿಲ್ಲ.'

'ಆದ್ರೂ ಎಷ್ಟು?'

'ತಪ್ಪು ಸಂಖ್ಯೆ ಬಾಯಲ್ಲಿ ಹೇಳೋದು ನಮ್ಮ ಪದ್ಧತಿ ಅಲ್ಲ ಡಾಕ್ಟ್ರೇ.'

ಆಕೆ ಸರಿ ಎಂದು ಫೋನಿಟ್ಟರು. ಹುಡುಗಿಯನ್ನು ಮನೆಗೆ ಕಳಿಸಿದರು. ಆ ಕಿರಿಯ ವೈದ್ಯೆ ಇವತ್ತು ಈ ಸಭೆಯ ಅಧ್ಯಕ್ಷತೆ ವಹಿಸಿದ್ದಾರೆ. ಸ್ಯಾಂಪಲ್ ಕೆಟ್ಟಿತ್ತು ಎಂದೇ ಇಪ್ಪತ್ತೈದು ವರ್ಷ ನಂಬಿದ್ದಾರೆ. ನನ್ನ ಮಾತನ್ನು ನಂಬದಿರಲು ಅವರಿಗೆ ಕಾರಣವೇ ಇರಲಿಲ್ಲ, ನಾನು ಒಂದೂ ತಪ್ಪು ವರದಿ ಕೊಡದವನೆಂದು ಹೆಸರಾದವನು.

ಸೋಮವಾರ ಆ ತಾಯಿ ಮಗಳನ್ನು ಎತ್ತಿಕೊಂಡೇ ಬಂದರು. ಹುಡುಗಿಯ ಮಾತು ತೊದಲುತ್ತಿತ್ತು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಹೊಸ ಸ್ಯಾಂಪಲ್‌ನಲ್ಲಿ ಕ್ಯಾಲ್ಸಿಯಂ ಇನ್ನೂ ಮೇಲೆ ಹೋಗಿತ್ತು. ಡ್ರಿಪ್ ಹಾಕಿದರು, ನಾಲ್ಕು ದಿನಕ್ಕೆ ಅದು ಇಳಿಯಿತು, ಹುಡುಗಿ ಎದ್ದು ಕೂತಳು. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದಾಗ ರಕ್ತದ ಕ್ಯಾನ್ಸರ್. ಅದಕ್ಕೆ ಔಷಧಿ ಇತ್ತು, ಮಕ್ಕಳಲ್ಲಿ ಬಹುಪಾಲು ವಾಸಿಯಾಗುವಂಥದ್ದೇ. ಆದರೆ ಮೂತ್ರಪಿಂಡ ಪೆಟ್ಟು ತಿಂದಿತ್ತು, ಪೂರ್ತಿ ಔಷಧಿ ಕೊಡಲಾಗಲಿಲ್ಲ. ಏಳನೇ ವಾರ ಅವಳು ಹೋದಳು. ಮೂರು ದಿನ ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ? ಯಾರೂ ಹೇಳಲಾರರು. ನಾನು ಪ್ರತಿ ಸಲ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ, ಒಂದೂ ನಿಂತಿಲ್ಲ.

ಆ ತಾಯಿ ಕೊನೆಯ ಕಾಗದಗಳನ್ನು ತೆಗೆದುಕೊಳ್ಳಲು ಬಂದವರು ಕಾರಿಡಾರಿನಲ್ಲಿ ನನ್ನನ್ನು ನೋಡಿ ನಿಂತರು. 'ನಾನು ಅವಳ್ನ ನಂಬ್ಲಿಲ್ಲ ಸಾರ್' ಎಂದರು. ನಾನೂ ನಂಬಲಿಲ್ಲ ಎಂದು ನಾನು ಹೇಳಬೇಕಿತ್ತು. ಎರಡೇ ಪದ. 'ಸಮಾಧಾನ ಮಾಡ್ಕೊಳ್ಳಿ' ಎಂದೆ. ಆಕೆ ಆಮೇಲೆ ಊರು ಬಿಟ್ಟರು. ಅಂಚೆ ಕಚೇರಿಯಲ್ಲಿ ವಿಚಾರಿಸಿದೆ, ವಿಳಾಸ ಸಿಗಲಿಲ್ಲ. ಈ ಭಾರವನ್ನು ಆಕೆಯೊಬ್ಬರೇ ಹೊತ್ತುಕೊಂಡು ಹೋದರು, ಅರ್ಧ ನನ್ನದಾಗಿತ್ತು.

ಇನ್ನು ಗಾಜಿನಕ್ಕ. ಆ ಸೋಮವಾರ, ಹೊಸ ಸಂಖ್ಯೆ ಬಂದ ಮೇಲೆ, ಎಲ್ಲರೂ ಊಟಕ್ಕೆ ಹೋದಾಗ ನಾನು ಒಬ್ಬನೇ ಕೂತು ಶುಕ್ರವಾರದ ರಾಶಿಯ ಖಾಲಿ ಟ್ಯೂಬಿಗೆ ಶುದ್ಧ ನೀರು ಹಾಕಿ ಪರೀಕ್ಷೆ ಮಾಡಿದೆ. ಸೊನ್ನೆ. ಇನ್ನೊಂದ್ಸಲ ಮಾಡಿದೆ. ಸೊನ್ನೆ. ಹತ್ತು ಟ್ಯೂಬು ಮಾಡಿದೆ. ಹತ್ತೂ ಕನ್ನಡಿಯಷ್ಟು ಶುದ್ಧ. ಆ ಹೊತ್ತಿಗೆ ನನ್ನ ದೂರು ಆಫೀಸಿಗೆ ಹೋಗಿತ್ತು. ಒಂದು ಕಾಗದ ಬರೆದಿದ್ದರೆ ವಾಪಸ್ಸಾಗುತ್ತಿತ್ತು. ಆದರೆ ಟ್ಯೂಬು ಸರಿ ಇತ್ತು ಎಂದರೆ ರಿಪೋರ್ಟು ಸರಿ ಇತ್ತು ಎಂದಾಗುತ್ತದೆ, ರಿಪೋರ್ಟು ಸರಿ ಇತ್ತು ಎಂದರೆ ತಡೆದವನು ಯಾರು ಎಂಬ ಪ್ರಶ್ನೆ ಬರುತ್ತದೆ. ನಾನು ಹತ್ತು ಟ್ಯೂಬುಗಳನ್ನೂ ನಾನೇ ತೊಳೆದು ಸ್ಟ್ಯಾಂಡಿನಲ್ಲಿಟ್ಟೆ. ಗಾಜಿನಕ್ಕನ ಕಡತಕ್ಕೆ 'ಕೆಲಸದಲ್ಲಿ ಅಶ್ರದ್ಧೆ' ಎಂದು ಸೇರಿತು. ಅವರನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೆ ಹನ್ನೆರಡು ವರ್ಷ ಅಲ್ಲಿ ಹಾಸಿಗೆ ಹೊದಿಕೆ ಒಗೆದರು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಿದ್ದರು.

ಎಂಟು ದಿನದ ಹಿಂದೆ ಅವರ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿದೆ. ಅವರು ಬಟ್ಟೆ ಮಡಿಸುತ್ತಾ ಕೇಳಿದರು, ಅಳಲಿಲ್ಲ, ಬೈಯಲಿಲ್ಲ. ಕೊನೆಗೆ, 'ಟ್ಯೂಬು ಶುದ್ಧ ಇತ್ತು ಅಂತ ನಂಗೆ ಆವತ್ತೇ ಗೊತ್ತಿತ್ತು. ಇದನ್ನ ಇಲ್ಲಿ ಬಂದು ನನ್ನ ಕಿವೀಲಿ ಯಾಕೆ ಹೇಳ್ತೀರಾ?' ಎಂದರು. 'ಬೈದಿದ್ದು ಎಲ್ಲರ ಮುಂದೆ ತಾನೆ?' ಎಂದರು.

ಆದ್ದರಿಂದ ಎಲ್ಲರ ಮುಂದೆ ಹೇಳುತ್ತಿದ್ದೇನೆ. ಗಾಜಿನಕ್ಕಾ, ನೀವು ಮೂರು ಸಲ ತೊಳೆದಿದ್ದಿರಿ. ತಪ್ಪು ನನ್ನದು, ಸುಳ್ಳು ನನ್ನದು. ಅಧ್ಯಕ್ಷರೇ, ನನ್ನ ಸಹಿ ಹಾಕಿದ ಕಾಗದ ನಿಮ್ಮ ಮುಂದಿನ ಲಕೋಟೆಯಲ್ಲಿದೆ. ಅದನ್ನು ಅವರ ಕಡತಕ್ಕೆ ಸೇರಿಸಬೇಕು. ಹಳೆಯದನ್ನು ಹರಿದು ಹಾಕುವುದು ಬೇಡ. ನಮ್ಮಲ್ಲಿ ತಪ್ಪನ್ನು ಅಳಿಸುವುದಿಲ್ಲ, ಅದರ ಮೇಲೆ ಒಂದೇ ಗೆರೆ ಎಳೆದು, ಅಡಿಯಲ್ಲಿ ಸರಿಯಾದದ್ದು ಬರೆದು ಸಹಿ ಹಾಕುತ್ತೇವೆ. ತಪ್ಪು ಏನಿತ್ತು ಎನ್ನುವುದೂ ಓದಲು ಸಿಗಬೇಕು. ಈ ಅಭಿನಂದನಾ ಪತ್ರದ ಮೊದಲ ಮಾತಿನ ಮೇಲೂ ಹಾಗೆಯೇ ಗೆರೆ ಎಳೆದಿದ್ದೇನೆ. ಚೌಕಟ್ಟು ಬಿಚ್ಚಿದ್ದಕ್ಕೆ ಪತ್ರ ಕೊಟ್ಟ ನೌಕರರ ಸಂಘದವರು ಕ್ಷಮಿಸಬೇಕು.

ಎರಡನೇ ಮಾತು ಕೆಂಪು ಪುಸ್ತಕ. ಜೀವಕ್ಕೆ ಅಪಾಯ ತರುವ ಸಂಖ್ಯೆ ಬಂದರೆ, ನೀನು ನಂಬು ಬಿಡು, ಹತ್ತು ನಿಮಿಷದೊಳಗೆ ವೈದ್ಯರಿಗೆ ಫೋನಿನಲ್ಲಿ ಸಂಖ್ಯೆ ಹೇಳಬೇಕು, ಯಾರಿಗೆ ಹೇಳಿದೆ ಎಂದು ಬರೆಯಬೇಕು. ನಾನು ಇದನ್ನು ತಂದದ್ದು ಆ ಹುಡುಗಿ ಹೋದ ಮರುವಾರ. ಹೊಗಳಿದರು, ಬೇರೆ ಆಸ್ಪತ್ರೆಗಳಿಂದ ನೋಡಲು ಬಂದರು. ಮೊದಲ ಪುಟ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಒಬ್ಬಿಬ್ಬರು ಕೇಳಿದರು. ಪರಿವಿಡಿಗೆ ಎಂದೆ. ಯಾವ ಕೆಂಪು ಪುಸ್ತಕಕ್ಕೂ ಪರಿವಿಡಿ ಇರುವುದಿಲ್ಲ.

ಇನ್ನೊಂದು ಮಾತು ಉಳಿದಿದೆ. ಆ ಕಾಯಿಲೆಗೆ ಮೊದಲ ಚಿಕಿತ್ಸೆ ನೀರು. ಡ್ರಿಪ್ಪಿನಲ್ಲಿ ಕೊಟ್ಟದ್ದೂ ಉಪ್ಪು ಬೆರೆಸಿದ ನೀರೇ. ಆ ಶುಕ್ರವಾರ ಅವಳು ಮೂರು ಲೋಟ ಕುಡಿದಳು ಎಂದೆ. ನಾಲ್ಕನೆಯದನ್ನೂ ಕೇಳಿದ್ದಳು. 'ಸಾಕಮ್ಮ, ಹೊಟ್ಟೆ ಒಡೆದು ಹೋಗುತ್ತೆ' ಎಂದು ಹೇಳಿ ನಾನು ಜಗ್ಗನ್ನು ಕಪಾಟಿನಲ್ಲಿಟ್ಟೆ. ಒಂದು ಲೋಟ ನೀರಿನಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ನನಗೂ ಗೊತ್ತು. ಆದರೂ ಅವಳು ಕೇಳಿದ್ದಳು.

ನನ್ನನ್ನು ಇಷ್ಟು ವರ್ಷ ಸಹಿಸಿದ ನಿಮಗೆಲ್ಲ, ಬಂದು ಕೂತ ಗಾಜಿನಕ್ಕನಿಗೆ, ಇವತ್ತಿನವರೆಗೂ ಏನೂ ತಿಳಿಯದೆ ನನ್ನ ಜೊತೆ ಬಾಳಿದ ನನ್ನ ಮನೆಯವರಿಗೆ ಕೃತಜ್ಞತೆಗಳು. ಹೊರಗೆ ಚಹಾ ಆರುತ್ತಿದೆ, ಇನ್ನು ಒಂದೇ ನಿಮಿಷ.

ಕೆಂಪು ಪುಸ್ತಕವನ್ನು ಜೊತೆಯಲ್ಲೇ ತಂದಿದ್ದೇನೆ. ಮೊದಲ ಪುಟ ತೆರೆದಿದ್ದೇನೆ. ಬರೆಯುತ್ತಾ ಓದುತ್ತೇನೆ. ವಾರ, ಶುಕ್ರವಾರ. ರೋಗಿ, ಹೆಣ್ಣು. ವಯಸ್ಸು, ಹದಿಮೂರು. ಪರೀಕ್ಷೆ, ಕ್ಯಾಲ್ಸಿಯಂ. ಟ್ಯೂಬು, ಶುದ್ಧ. ತಿಳಿಸಿದವರು, ನಾನು. ತಿಳಿಸಲು ತೆಗೆದುಕೊಂಡ ವೇಳೆ, ಇಪ್ಪತ್ತೈದು ವರ್ಷ. ತಿಳಿಸಿದ್ದು ಯಾರಿಗೆ, ಮಕ್ಕಳ ವಿಭಾಗದ ಕಿರಿಯ ವೈದ್ಯೆಗೆ.

ಡಾಕ್ಟ್ರೇ, ನೀವು ಎಷ್ಟು ತೋರಿಸ್ತು ಎಂದು ಎರಡು ಸಲ ಕೇಳಿದ್ದಿರಿ. ಹದಿನೈದು ಪಾಯಿಂಟ್ ಎಂಟು. ಎರಡು ಸಲವೂ ಹದಿನೈದು ಪಾಯಿಂಟ್ ಎಂಟು.

ನಮಸ್ಕಾರ.